ಬೆತ್ತದಕ್ಕನ ಕೊನೆಯ ಪೇಪರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸೀಳು ಕೂಡಿಕೊಳ್ಳಲು ಬೇಕಾದಷ್ಟು ದಿನ ಅವರು ಆ ಬೆರಳಿಗೆ ಬಿಡುವು ಕೊಟ್ಟಿದ್ದನ್ನು ನಾನು ನೋಡಲಿಲ್ಲ. ನೀರಿನಲ್ಲಿ ನೆನೆಸಿದ ಬೆತ್ತದ ಪಟ್ಟಿಯನ್ನು ಕುರ್ಚಿಯ ತೂತಿನಿಂದ ಮೇಲೆಳೆದು, ಆ ಸೀಳು ಉಗುರಿನಿಂದಲೇ ಒತ್ತಿ ಹಿಡಿದು, ಎಡಗೈಯಲ್ಲಿ ಮುಂದಿನ ತೂತು ಹುಡುಕುತ್ತಿದ್ದರು. ಹುಡುಕುತ್ತಿದ್ದರು ಎಂದರೆ ಸರಿಯಾಗುವುದಿಲ್ಲ. ಬೆರಳು ನೇರವಾಗಿ ಅಲ್ಲಿಗೇ ಹೋಗುತ್ತಿತ್ತು.

ಕಾಲೇಜಿನಲ್ಲಿ ನಾವೆಲ್ಲ ಅವರನ್ನು ಬೆತ್ತದಕ್ಕ ಎನ್ನುತ್ತಿದ್ದೆವು. ವಯಸ್ಸು ನಲವತ್ತು ದಾಟಿತ್ತು. ವಾರಕ್ಕೆ ನಾಲ್ಕು ದಿನ ಹರಿಹರಪುರದಿಂದ ಬೆಳಗಿನ ಬಸ್ಸಿಗೆ ಕೊಪ್ಪಕ್ಕೆ ಬರುತ್ತಿದ್ದರು. ಲೈಬ್ರರಿ ಪಕ್ಕದ ಜಗಲಿಯ ಮೂಲೆಯನ್ನು ನಮ್ಮ ಪ್ರಿನ್ಸಿಪಾಲರು ಅವರ ಕೆಲಸಕ್ಕೆ ಬಿಟ್ಟುಕೊಟ್ಟಿದ್ದರು. ಸುತ್ತಲಿನ ಕಚೇರಿ, ಶಾಲೆಗಳ ಹರಿದ ಕುರ್ಚಿಗಳು ಅಲ್ಲಿಗೇ ಬರುತ್ತಿದ್ದವು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಂದ ಒಂದು ಜ್ವರದಲ್ಲಿ ಅವರ ಎರಡೂ ಕಣ್ಣು ಹೋಗಿದ್ದವು. ಆಮೇಲೆ ಅಂಧರ ವಸತಿ ಶಾಲೆಯೊಂದರಲ್ಲಿ ಬ್ರೈಲ್ ಲಿಪಿಯನ್ನೂ ಬೆತ್ತದ ಕೆಲಸವನ್ನೂ ಕಲಿತಿದ್ದರು.

ಒಂದು ದಿನ, ಹೆಣೆದು ಮುಗಿದಿದ್ದ ಕುರ್ಚಿಯನ್ನು ಅಂಗೈಯಿಂದ ಸವರುತ್ತಿದ್ದವರು ಥಟ್ಟನೆ ನಿಲ್ಲಿಸಿ ನನ್ನ ಹತ್ತಿರ ಕತ್ತರಿ ಕೇಳಿದರು. ಅರ್ಧ ಕುರ್ಚಿ ಬಿಚ್ಚಿಹಾಕಿದರು.

"ಒಂದು ಪಟ್ಟಿ ಮೇಲೆ ಹೋಗ್ಬೇಕಿದ್ದದ್ದು ಕೆಳಗೆ ಹೋಗಿದೆ," ಎಂದರು.

"ಯಾರಿಗೆ ಕಾಣ್ತದೆ ಅಕ್ಕ?"

"ಕಾಣೋ ಸುದ್ದಿ ನನ್ನ ಹತ್ರ ಎಂತ ಹೇಳ್ತೀಯ ಮಾರಾಯ್ತಿ? ಕೂತವರಿಗೆ ಗೊತ್ತಾಗ್ತದೆ."

ನಾನು ಅವರ ಬಳಿ ಹೋಗಿದ್ದು ಸೇವೆ ಮಾಡಬೇಕೆಂಬ ಆಸೆಯಿಂದಲ್ಲ. ಮೊದಲ ವರ್ಷದ ಬಿ.ಕಾಂ.ಗೆ ಸೇರಿದಾಗ ಪ್ರತಿಯೊಬ್ಬರೂ ಯಾವುದಾದರೂ ಒಂದು ಸಂಘಕ್ಕೆ ಸೇರಲೇಬೇಕೆಂದು ಹೇಳಿದ್ದರು. ಹೆಸರು ಬರೆಸುವ ದಿನ ನಮ್ಮ ಹಳ್ಳಿ ನಾರ್ವೆಯಿಂದ ಬರುವ ನನ್ನ ಬಸ್ಸು ತಡವಾಯಿತು. ಕ್ರೀಡೆ, ನಾಟಕ, ಪರಿಸರ ಎಲ್ಲವೂ ತುಂಬಿದ್ದವು. ವಾಚನ ಬಳಗದ ಹಾಳೆಯಲ್ಲಿ ಮಾತ್ರ ಮೂರೇ ಹೆಸರಿದ್ದವು. ಕಣ್ಣು ಕಾಣದವರಿಗಾಗಿ ಪಠ್ಯಪುಸ್ತಕಗಳನ್ನು ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡಿಕೊಡುವುದು, ಅವರು ಪರೀಕ್ಷೆಗೆ ಕೂತಾಗ ಅವರು ಹೇಳಿದ್ದನ್ನು ಬರೆಯುವುದು ಬಳಗದ ಕೆಲಸ. ಬಳಗಕ್ಕಿದ್ದ ಕೇಳುಗರು ಒಬ್ಬರೇ, ಬೆತ್ತದಕ್ಕ. ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿದ್ದ ಅವರಿಗೆ ಉಳಿದಿದ್ದುದೂ ಒಂದೇ ಪೇಪರು, ಕರ್ನಾಟಕದ ಇತಿಹಾಸ. ನಾನು ಪಿಯುಸಿಯಲ್ಲಿ ಇತಿಹಾಸ ಓದಿದ್ದೆ. ಆ ಪುಸ್ತಕ ನನ್ನ ಪಾಲಿಗೆ ಬಂತು.

ಆ ಒಂದು ಪೇಪರಿನಲ್ಲಿ ಅವರು ಎರಡು ಸಲ ಫೇಲಾಗಿದ್ದರು. ಮೊದಲ ಸಲ ಬರೆಯಲು ಬಂದಿದ್ದ ನೆಂಟರ ಹುಡುಗಿ ಕೈ ನೋವೆಂದು ಉತ್ತರಗಳನ್ನು ಚಿಕ್ಕದು ಮಾಡಿದ್ದಳಂತೆ. ಎರಡನೆಯ ಸಲ ಬರೆಯುವವಳು ಬರಲೇ ಇಲ್ಲ. ಇದು ಮೂರನೆಯದು. ಈ ಸಲ ಆಗದಿದ್ದರೆ ಕೋರ್ಸಿನ ಅವಧಿಯೇ ಮುಗಿದು, ಮೊದಲ ವರ್ಷದಿಂದ ಮತ್ತೆ ಕಟ್ಟಬೇಕಿತ್ತು. ಇನ್ನೂ ಒಂದು ವಿಷಯವಿತ್ತು. ಅವರು ಕಲಿತ ಶಾಲೆಯಲ್ಲೇ ಬ್ರೈಲ್ ಕಲಿಸುವವರ ಜಾಗ ಖಾಲಿಯಾಗಿತ್ತು. ಪದವಿ ಇಲ್ಲದೆ ತೆಗೆದುಕೊಳ್ಳುವಂತಿಲ್ಲ, ಜೂನ್ ತನಕ ಕಾಯುತ್ತೇನೆ ಎಂದು ಅಲ್ಲಿನ ಹೆಡ್‌ಮಿಸ್ಟ್ರೆಸ್ ಹೇಳಿದ್ದರು.

ನಾನು ಮನೆಯಲ್ಲಿ ಓದಿ ಕಳಿಸುತ್ತಿದ್ದೆ. ಅಕ್ಕ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹೆಣೆಯುತ್ತಾ ಕೇಳುತ್ತಿದ್ದರು. ನನ್ನ ರೆಕಾರ್ಡುಗಳಲ್ಲಿ ಪಾಠಕ್ಕಿಂತ ಮನೆಯ ಸದ್ದೇ ಹೆಚ್ಚಿರುತ್ತಿತ್ತು. ರಾಷ್ಟ್ರಕೂಟರ ಆಡಳಿತದ ನಡುವೆ ನನ್ನ ಅಮ್ಮ, "ಹಾಲು ಉಕ್ಕಿ ಹೋಯ್ತಲ್ಲೇ, ಒಲೆ ಆರಿಸೋಕೆ ಎಂತ ಆಗಿತ್ತೇ ನಿಂಗೆ!" ಎಂದು ಕೂಗಿದ್ದು ಹಾಗೆಯೇ ಉಳಿದಿತ್ತು. ಅಕ್ಕನಿಗೆ ಅದು ಗುರುತಿನ ಕಲ್ಲಾಯಿತು. "ಹಾಲು ಉಕ್ಕಿದ್ದಕ್ಕಿಂತ ಮೊದಲು ಸಾಮಂತರು, ಉಕ್ಕಿದ ಮೇಲೆ ಕಂದಾಯ," ಎಂದು ನೆನಪಿಟ್ಟುಕೊಂಡಿದ್ದರು. "ನಿನ್ನಮ್ಮನಿಗೆ ಹೇಳು, ಚಾಲುಕ್ಯರಿಗೂ ಸ್ವಲ್ಪ ಉಕ್ಕಿಸ್ಲಿ."

ಮೊದಮೊದಲು ಅವರು ನನ್ನ ಓದನ್ನು ತಿದ್ದುತ್ತಿದ್ದರು. ಓಡಬೇಡ, ವಾಕ್ಯ ಮುಗಿದಲ್ಲಿ ನಿಲ್ಲು, ಚಿತ್ರದ ಕೆಳಗೆ ಬರೆದದ್ದನ್ನೂ ಓದು. ಮೂರನೆಯ ವಾರವಿರಬೇಕು, ಒಂದು ಮಧ್ಯಾಹ್ನ ನನಗೆ ಸಿಟ್ಟು ಬಂತು. "ಬೇಕಾದ್ರೆ ಬೇರೆಯವರ ಹತ್ರ ಓದಿಸ್ಕೊಳ್ಳಿ ಅಕ್ಕ. ನಾನೇನು ಸಂಬಳಕ್ಕೆ ಓದ್ತಿಲ್ಲ," ಎಂದೆ. ಅವರ ಕೈ ಒಂದು ಕ್ಷಣ ನಿಂತಿತು, ಮತ್ತೆ ಹೆಣೆಯತೊಡಗಿತು. ಅಂದಿನಿಂದ ಅವರು ಒಂದೂ ತಪ್ಪು ಹೇಳಲಿಲ್ಲ. ನನ್ನ ಓದು ಸುಧಾರಿಸಿದೆ ಎಂದುಕೊಂಡೆ. ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದೆ.

ವಿಜಯನಗರದ ಪಾಠ ಓದಿದ್ದು ಕಾಲೇಜಿನಲ್ಲೇ, ಲೈಬ್ರರಿಯ ಒಳಗೆ ಕೂತು. ಅಂದು ಶೃಂಗೇರಿಯ ಕಾಲೇಜೊಂದರಲ್ಲಿ ಅಂತರಕಾಲೇಜು ಸ್ಪರ್ಧೆ ಇತ್ತು. ಕೋಲಾಟದ ತಂಡದಲ್ಲಿ ಒಬ್ಬಳಿಗೆ ಕಾಲು ಉಳುಕಿ, ಅವಳ ಜಾಗಕ್ಕೆ ನನ್ನನ್ನು ಸೇರಿಸಿಕೊಂಡಿದ್ದರು. ಗೆಳತಿ ಸಹನಾ ಕಿಟಕಿಯಿಂದ, "ಬಾರೇ, ಜೀಪು ಹೊರಟ್ತು! ನಿನ್ನ ಕೃಷ್ಣದೇವರಾಯ ಎಲ್ಲೂ ಓಡಿಹೋಗಲ್ಲ!" ಎಂದಳು. ನಾನು ಎರಡು ಹಾಳೆ ಒಟ್ಟಿಗೆ ತಿರುಗಿಸಿ, ಕೊನೆಯ ಪ್ಯಾರಾ ಓದಿ, ಪಾಠ ಮುಗಿಯಿತು ಎಂದು ಹೇಳಿ ರೆಕಾರ್ಡ್ ನಿಲ್ಲಿಸಿದೆ. ನಾಳೆ ಓದಿ ಸೇರಿಸುವ ಯೋಚನೆಯಿತ್ತು. ಕೋಲಾಟಕ್ಕೆ ಎರಡನೆಯ ಬಹುಮಾನ ಬಂತು. ಆ ಎರಡು ಹಾಳೆ ಮರೆತೇಹೋಯಿತು.

ಪರೀಕ್ಷೆ ನಮ್ಮ ಕಾಲೇಜಿನಲ್ಲೇ ನಡೆಯಿತು. ನಮಗೆ ಬೇರೆ ಕೋಣೆ ಕೊಟ್ಟಿದ್ದರು. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಹೆಚ್ಚಿಗೆ ಸಿಗುತ್ತಿತ್ತು. ಮೇಲ್ವಿಚಾರಕರು ಒಬ್ಬರೇ, ಬೇರೆ ಊರಿನಿಂದ ಬಂದಿದ್ದ ಮೇಷ್ಟ್ರು. ಹೇಳಿದ್ದನ್ನು ಮಾತ್ರ ಬರೆಯುತ್ತೇನೆ ಎಂಬ ಕಾಗದಕ್ಕೆ ನನ್ನಿಂದ ಸಹಿ ಹಾಕಿಸಿಕೊಂಡು ಅವರು ಬಾಗಿಲ ಬಳಿ ಕೂತರು.

ಎಂಟು ದೊಡ್ಡ ಪ್ರಶ್ನೆಗಳಲ್ಲಿ ಐದಕ್ಕೆ ಉತ್ತರಿಸಬೇಕಿತ್ತು. ನಾಲ್ಕನ್ನು ಅಕ್ಕ ನಿಧಾನವಾಗಿ, ಅಚ್ಚುಕಟ್ಟಾಗಿ ಹೇಳಿ ಮುಗಿಸಿದರು. ಐದನೆಯದಕ್ಕೆ ವಿಜಯನಗರದ ನಾಯಂಕರ ಪದ್ಧತಿ ಆರಿಸಿಕೊಂಡರು. "ಅರಸರು ನಾಯಕರಿಗೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು, ಪೂರ್ಣವಿರಾಮ. ನಾಯಕರು ಆ ಭೂಮಿಯಿಂದ ಕಂದಾಯ ಸಂಗ್ರಹಿಸುತ್ತಿದ್ದರು, ಪೂರ್ಣವಿರಾಮ." ಅಲ್ಲಿಗೆ ನಿಂತರು. ಹುಬ್ಬು ಗಂಟಿಕ್ಕಿತು.

ಆಗ ನನಗೆ ಗೊತ್ತಾಯಿತು. ಮುಂದಿನದು ಆ ಎರಡು ಹಾಳೆಗಳಲ್ಲಿತ್ತು. ನಾಯಕರು ಅರಸನಿಗಾಗಿ ಸೈನ್ಯ ಸಾಕಬೇಕಿತ್ತು, ಯುದ್ಧಕ್ಕೆ ಕಳಿಸಬೇಕಿತ್ತು. ಅದೇ ಆ ಪದ್ಧತಿಯ ಜೀವ. ಅಕ್ಕ ಅದನ್ನು ಮರೆತಿರಲಿಲ್ಲ, ಅವರ ಕಿವಿಗೆ ಅದು ಬಿದ್ದೇ ಇರಲಿಲ್ಲ. ಬಾಗಿಲ ಕಡೆ ನೋಡಿದೆ. ಮೇಷ್ಟ್ರು ಹೊರಗೆ ನೋಡುತ್ತಿದ್ದರು. ನಾನು ಬರೆಯತೊಡಗಿದೆ. ಸೈನ್ಯದ ಬಗ್ಗೆ ಒಂದು ವಾಕ್ಯ, ಯುದ್ಧದ ಬಗ್ಗೆ ಇನ್ನೊಂದು, ಮೂರನೆಯದು.

ಅಕ್ಕನ ಕೈ ಮೇಜಿನ ಮೇಲೆ ಜರುಗಿ ಬಂದು ನನ್ನ ಮಣಿಕಟ್ಟಿನ ಮೇಲೆ ಕೂತಿತು.

"ನಾನು ಹೇಳಿದ್ದು ಮುಗ್ದು ಎಷ್ಟು ಹೊತ್ತಾಯ್ತು. ನಿನ್ನ ಪೆನ್ನು ಇನ್ನೂ ಓಡ್ತಾ ಉಂಟಲ್ಲ," ಎಂದರು, ತೀರ ಮೆಲ್ಲಗೆ. "ಓದು."

ಅವರು ಹೇಳಿದ ಎರಡು ವಾಕ್ಯವನ್ನಷ್ಟೇ ಓದಿ ನಿಲ್ಲಿಸಬಹುದಿತ್ತು. ಒಂದು ಕ್ಷಣ ಹಾಗೆ ಮಾಡಲು ಹೊರಟಿದ್ದೆ ಕೂಡ. ಆದರೆ ಎಲ್ಲವನ್ನೂ ಓದಿದೆ.

ಮೇಷ್ಟ್ರು ಎದ್ದು ಬಂದರು. "ಏನಮ್ಮಾ, ಏನಾಯ್ತು?"

"ಎಂತ ಇಲ್ಲ ಸಾರ್," ಎಂದರು ಅಕ್ಕ. "ಈ ಉತ್ತರ ಹೊಡೆದು ಹಾಕಿಸ್ತೇನೆ. ಬೇರೆ ಪ್ರಶ್ನೆ ತಗೊಳ್ತೇನೆ. ಟೈಮ್ ಎಷ್ಟುಂಟು?"

"ನಲವತ್ತು ನಿಮಿಷ."

"ಸಾಕು."

ನಾನು ಅವರ ಎರಡು ವಾಕ್ಯಕ್ಕೂ ನನ್ನ ಮೂರು ವಾಕ್ಯಕ್ಕೂ ಅಡ್ಡಗೆರೆ ಎಳೆದೆ. ಅಕ್ಕ ಉಳಿದ ಮೂರು ಪ್ರಶ್ನೆಗಳನ್ನು ಮತ್ತೆ ಓದಿಸಿಕೊಂಡರು. ಎರಡು ಅವರಿಗೆ ಗೊತ್ತಿರಲಿಲ್ಲ. ಮೂರನೆಯದು ಹೊಯ್ಸಳರ ವಾಸ್ತುಶಿಲ್ಪ. ವಾಸ್ತುಶಿಲ್ಪ ಬಂದರೆ ಮುಟ್ಟುವುದಿಲ್ಲ, ಅದು ಕಣ್ಣಿದ್ದವರ ಪ್ರಶ್ನೆ ಎಂದು ಅವರೇ ಎಷ್ಟೋ ಸಲ ಹೇಳಿದ್ದರು.

"ಬರ್ಕೋ," ಎಂದರು.

ಆಮೇಲೆ ಅವರು ನಿಲ್ಲಲೇ ಇಲ್ಲ. ಬಳಪದ ಕಲ್ಲು, ಕಡೆದ ಕಂಬ, ಗೋಡೆಯ ಕೆಳಸಾಲಿನಲ್ಲಿ ಆನೆ, ಅದರ ಮೇಲೆ ಕುದುರೆ. ಆಮೇಲೆ ನಕ್ಷತ್ರಾಕಾರದ ತಳವಿನ್ಯಾಸ. ಒಂದು ಚೌಕದ ಮೇಲೆ ಅಷ್ಟೇ ದೊಡ್ಡ ಇನ್ನೊಂದು ಚೌಕವಿಟ್ಟು ತಿರುಗಿಸಿದರೆ ಎಂಟು ಮೂಲೆ ಸಿಗುತ್ತದೆ, ಮತ್ತೊಂದನ್ನಿಟ್ಟು ತಿರುಗಿಸಿದರೆ ಹನ್ನೆರಡು. ಹೊರಗೋಡೆಯೂ ಅದನ್ನು ಹೊತ್ತ ಜಗತಿಯೆಂಬ ಕಟ್ಟೆಯೂ ಅದೇ ಮೂಲೆಗಳನ್ನು ಅನುಸರಿಸಿ ಒಳಗೆ ಹೊರಗೆ ಮಡಚುತ್ತಾ ಹೋಗುತ್ತವೆ. ನನ್ನ ಪುಸ್ತಕದಲ್ಲಿ ಇಷ್ಟು ಸ್ಪಷ್ಟವಾಗಿ ಇರಲಿಲ್ಲ. ಪಾಠ ಅರ್ಥವಾಗದೆ ಅಕ್ಕ ಬೆತ್ತದ ಪಟ್ಟಿಯಿಂದ ಚೌಕಗಳನ್ನು ಮಾಡಿ, ಒಂದರ ಮೇಲೊಂದು ಕಟ್ಟಿ, ತಿರುಗಿಸಿ, ಮೂಲೆಗಳನ್ನು ಎಣಿಸಿ ನೋಡಿದ್ದರಂತೆ. ಅದು ನನಗೆ ಆಮೇಲೆ ತಿಳಿಯಿತು. ಆ ಹೊತ್ತಿನಲ್ಲಿ ನನಗೆ ತಿಳಿದದ್ದು ಇಷ್ಟೇ: ಇವರ ಮಾತಿನ ಹಿಂದೆ ನನ್ನ ಕೈ ಓಡಿ ಓಡಿ ಸಾಕಾಗುತ್ತಿದೆ. ಮೇಷ್ಟ್ರೂ ಕುರ್ಚಿ ತಿರುಗಿಸಿಕೊಂಡು ಕೇಳುತ್ತಿದ್ದರು. ಕೊನೆಯ ಪೂರ್ಣವಿರಾಮ ಹಾಕಿದಾಗ ಇನ್ನೂ ನಾಲ್ಕು ನಿಮಿಷ ಬಾಕಿಯಿತ್ತು.

ಹೊರಗೆ ಮೆಟ್ಟಿಲ ಮೇಲೆ ಕೂತು ನಾನು ಎಲ್ಲವನ್ನೂ ಹೇಳಿದೆ. ಕೋಲಾಟ, ಜೀಪು, ಎರಡು ಹಾಳೆ. ಹೇಳುವಾಗ ಅಳುತ್ತಿದ್ದೆ.

"ನಂಗೆ ಗೊತ್ತಿತ್ತು," ಎಂದರು ಅಕ್ಕ. "ಹಾಳೆ ಎರಡು ಒಟ್ಟಿಗೆ ತಿರುಗಿದ ಸದ್ದು ರೆಕಾರ್ಡಲ್ಲಿ ಕೇಳಿತ್ತು."

"ಮತ್ತೆ ಯಾಕಕ್ಕ ಕೇಳ್ಲಿಲ್ಲ?"

"ಪುಕ್ಕಟೆ ಓದಿಸ್ಕೊಳ್ಳೋದು, ಅದ್ರಲ್ಲಿ ಮತ್ತೆ ತಕರಾರು ಎಂತ ಮಾಡೋದು ಅಂತ ಸುಮ್ನಾದೆ. ಇದ್ದವಳೂ ಬಿಟ್ಟು ಹೋದ್ರೆ ಎಂತ ಮಾಡ್ಲಿ? ಅದು ನನ್ನ ತಪ್ಪು. ಬಿಟ್ಟದ್ದು ನಿನ್ನ ತಪ್ಪು. ನಾನು ಹೇಳದ್ದನ್ನ ಬರೆದೆಯಲ್ಲ, ಅದು ಎಲ್ಲಕ್ಕಿಂತ ದೊಡ್ಡ ತಪ್ಪು." ನನ್ನ ಭುಜ ಹುಡುಕಿ ತಟ್ಟಿದರು. "ಪಾಸಾದ್ರೆ ನಾನೇ ಪಾಸಾಗ್ಬೇಕು ಮಾರಾಯ್ತಿ. ನಾಳೆ ಆ ಮಕ್ಕಳ ಮುಂದೆ ನಿಲ್ಲೋದು ನಾನಲ್ವಾ? ಸಾಕು, ಅಳು ನಿಲ್ಸು. ಹಸಿವಾಗ್ತದೆ ನಂಗೆ."

ನಾನು ಈಗ ನರಸಿಂಹರಾಜಪುರದ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಲ್ಲಿಯೂ ಒಂದು ವಾಚನ ಬಳಗವಿದೆ, ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಓದುತ್ತಾರೆ. ಅಲ್ಲಿ ಒಂದೇ ನಿಯಮ. ಪ್ರತಿ ಪಾಠಕ್ಕೂ ಕೇಳುಗರು ಕಡಿಮೆಯೆಂದರೆ ಒಂದು ತಕರಾರು ಹೇಳಲೇಬೇಕು, ಹೇಳದಿದ್ದರೆ ಮುಂದಿನ ಪಾಠ ಕಳಿಸುವುದಿಲ್ಲ. ಹೊಸದಾಗಿ ಸೇರಿದವರು ಇದೆಂಥ ನಿಯಮ ಎಂದು ಗೊಣಗುತ್ತಾರೆ. ನಾನು ವಿವರಿಸಲು ಹೋಗುವುದಿಲ್ಲ. ಯಾರೋ ನನಗೆ ಕಲಿಸಿದ್ದು ಎಂದಷ್ಟೇ ಹೇಳುತ್ತೇನೆ.

ಅಕ್ಕನ ಫಲಿತಾಂಶ ಬಂದದ್ದು ಆ ವರ್ಷದ ಮೇ ತಿಂಗಳ ಒಂದು ಮಧ್ಯಾಹ್ನ. ಅಕ್ಕನೇ ಕೊಪ್ಪಕ್ಕೆ ಬಂದಿದ್ದರು. ಮೊಬೈಲಿನಲ್ಲಿ ಹೇಳಿದರೆ ಆಗದು, ಕಾಗದವೇ ಬೇಕು ಎಂದರು. ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಕಾಗದ ಹೊರಬರುತ್ತಿರುವಾಗಲೇ ನನ್ನ ಕಣ್ಣು ಇತಿಹಾಸದ ಸಾಲಿಗೆ ಹೋಯಿತು.

"ಪಾಸು ಅಕ್ಕ! ಐವತ್ತೊಂಬತ್ತು!"

ಅವರು ನಗಲಿಲ್ಲ, ಅಳಲಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗಡಿಯವನ ಕಡೆ ಚಾಚಿದರು. "ನೀನೊಂದ್ಸಲ ಓದು ಮಾರಾಯ."

"ಇವ್ಳು ಓದಿದ್ಳಲ್ಲ ಅಕ್ಕ."

"ಇವ್ಳು ಓದಿದ್ದು ಗೊತ್ತುಂಟು. ನೀನು ಓದು."

ಅವನು ಓದಿದ. ಆಮೇಲೆ ಪಕ್ಕದ ಹೋಟೆಲಿನ ಗಲ್ಲಾದಲ್ಲಿ ಕೂತವರು ಓದಿದರು. ಹೂ ಮಾರುವ ಹೆಂಗಸು ತನಗೆ ಓದಲು ಬರುವುದಿಲ್ಲವೆಂದು ಶಾಲೆಗೆ ಹೋಗುವ ಮಗಳ ಕೈಯಲ್ಲಿ ಓದಿಸಿದರು. ಬಸ್ ಕಾಯುತ್ತಿದ್ದ ಇಬ್ಬರು ಪೊಲೀಸರು ಓದಿದರು. ಪ್ರತಿಯೊಬ್ಬರೂ ಓದಿ ಮುಗಿಸಿದಾಗ ಅಕ್ಕ, "ಹೌದಾ? ಐವತ್ತೊಂಬತ್ತಾ?" ಎಂದು ಮೊದಲ ಸಲ ಕೇಳಿದವರಂತೆ ಕೇಳುತ್ತಿದ್ದರು. ನಾನು ಹಿಂದೆ ಹಿಂದೆ ನಡೆಯುತ್ತಿದ್ದೆ. ಏಳನೆಯವರ ಹೊತ್ತಿಗೆ ನಗು ತಡೆಯಲು ನನ್ನಿಂದ ಆಗಲಿಲ್ಲ.

ಹರಿಹರಪುರದ ಬಸ್ಸು ಬಂತು. ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ ಕೆಳಗಿಳಿದೆ. ಜೂನ್ ಮೊದಲ ವಾರ ಅವರು ಆ ಶಾಲೆಗೆ ಹೋದರು, ಇಂದಿಗೂ ಅಲ್ಲಿ ಮಕ್ಕಳಿಗೆ ಬೆರಳಿನಿಂದ ಓದಲು ಕಲಿಸುತ್ತಿದ್ದಾರೆ. ಆದರೆ ಅಂದು ಅದೆಲ್ಲ ಇನ್ನೂ ಮುಂದಿತ್ತು. ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ. ಅಕ್ಕ ಮಡಚಿದ ಕಾಗದವನ್ನು ಬಿಡಿಸಿ, ಪಕ್ಕದಲ್ಲಿ ಆಗಷ್ಟೇ ಬಂದು ಕೂತ ಅಪರಿಚಿತ ಹೆಂಗಸಿನ ಕಡೆ ತಿರುಗಿದ್ದು ಕಿಟಕಿಯಿಂದ ಕಂಡಿತು.

"ಅಮ್ಮಾ, ಇದ್ರಲ್ಲಿ ಎಂತ ಬರ್ದಿದೆ ಅಂತ ಸ್ವಲ್ಪ ಓದಿ ಹೇಳ್ತೀರಾ? ನಂಗೆ ಕಣ್ಣು ಕಾಣಲ್ಲ."