ನೀರಿನಾಚೆಯ ಅಕ್ಕ

ಬಂದರಿನಲ್ಲಿ ಅವನನ್ನು ಎಲ್ಲರೂ ಕೊಕ್ಕೆಯಣ್ಣ ಎಂದೇ ಕರೆಯುತ್ತಿದ್ದರು. ಸಣ್ಣ ದ್ವೀಪಗಳಿಗೆ ಹಿಟ್ಟು, ಸೀಮೆಎಣ್ಣೆ, ಹೆಂಚು ಒಯ್ಯುವ ಸರಕು ಹಡಗಿನಲ್ಲಿ ಕ್ರೇನ್ ನಡೆಸುವುದು ಅವನ ಕೆಲಸ. ಆ ದಾರಿ ಶುರುವಾದದ್ದು ಅಜ್ಜನ ಕಾಲದಲ್ಲಿ, ಹಾಯಿ ಕಟ್ಟಿದ ದೋಣಿಗಳಿಂದ. ಅಪ್ಪನ ಕಾಲಕ್ಕೆ ಉಗಿಹಡಗು ಬಂತು, ಇವನ ಕಾಲಕ್ಕೆ ಡೀಸೆಲ್.

"ಅಜ್ಜ ಗಾಳಿಗೆ ಬೈತಿದ್ದ, ಅಪ್ಪ ಕಲ್ಲಿದ್ದಲಿಗೆ ಬೈತಿದ್ದ, ನಾನು ಮೆಕ್ಯಾನಿಕ್‌ಗೆ ಬೈತೀನಿ. ಬೈಗುಳ ಮಾತ್ರ ಅದೇ" ಎಂದು ನಗುತ್ತಿದ್ದ.

ಅವನ ಅಕ್ಕನನ್ನು ಮದುವೆ ಮಾಡಿಕೊಟ್ಟದ್ದು ಆ ದಾರಿಯ ಕಟ್ಟಕಡೆಯ ದ್ವೀಪಕ್ಕೆ. ಅಲ್ಲಿ ಹಡಗುಕಟ್ಟೆ ಇರಲಿಲ್ಲ. ಹಡಗು ದಡದಿಂದ ದೂರವೇ ನಿಲ್ಲುತ್ತಿತ್ತು. ಭಾವ ಹುಟ್ಟುಹಾಕುತ್ತಾ ದೋಣಿ ತಂದು ಪಕ್ಕಕ್ಕೆ ಹಿಡಿದರೆ, ಇವನು ಸರಕನ್ನು ಬಲೆಯಲ್ಲಿ ಕಟ್ಟಿ ಮೇಲಿನಿಂದ ಇಳಿಸುತ್ತಿದ್ದ. ಕ್ರೇನ್ ಬಿಟ್ಟು ದಡಕ್ಕೆ ಹೋಗುವಷ್ಟು ಪುರುಸೊತ್ತು ಎಂದೂ ಸಿಗಲಿಲ್ಲ. ಅಕ್ಕ ದಡದ ಬಂಡೆಯ ಮೇಲೆ ನಿಂತು ಕೂಗುತ್ತಿದ್ದಳು.

"ಒಣಗಿ ಕಡ್ಡಿ ಆಗಿದ್ದೀಯಲ್ಲೋ! ನಿನ್ನ ಹೆಂಡ್ತಿ ಅಡುಗೆ ಮಾಡ್ತಾಳೋ ಇಲ್ವೋ?"

"ಮಾಡ್ತಾಳೆ, ತಿನ್ನೋಕಾಗಲ್ಲ!" ಎಂದು ಇವನೂ ಗಂಟಲು ಹರಿದುಕೊಳ್ಳುತ್ತಿದ್ದ. ಇಡೀ ಹಡಗು ಬಿದ್ದು ಬಿದ್ದು ನಗುತ್ತಿತ್ತು. ಅಕ್ಕ ತಮ್ಮಂದಿರ ಅರ್ಧ ಆಯುಷ್ಯದ ಮಾತು ಹೀಗೆ ನೀರಿನ ಮೇಲೇ ಕಳೆಯಿತು.

ಬರಬರುತ್ತಾ ಸಣ್ಣ ದ್ವೀಪಗಳ ಜನ ಪಟ್ಟಣ ಸೇರತೊಡಗಿದರು. ದಾರಿಯ ನಿಲುಗಡೆಗಳು ಒಂದೊಂದಾಗಿ ಕಳಚಿದವು. ಒಮ್ಮೆ ಕಡೆಯ ದ್ವೀಪಕ್ಕೆ ಹೋದಾಗ ದೋಣಿ ತಂದವನು ಭಾವ ಅಲ್ಲ, ಬೇರೆ ಯಾರೋ. ಅಕ್ಕ ಬಂಡೆಯ ಮೇಲಿದ್ದಳು, ಆದರೆ ಕೂಗಲಿಲ್ಲ. ಇವನೇ ಕೂಗಿದ.

"ಅಕ್ಕಾ!"

"ಹೋಗಿಬಿಟ್ರು ಕಣೋ" ಎಂಬ ಮಾತು ಗಾಳಿಯಲ್ಲಿ ತೇಲಿಬಂತು. ಸರಕು ಇಳಿಸಿದ್ದಾಯಿತು, ಹಡಗು ತಿರುಗಿತು. ಅವಳ ಕೈ ಹಿಡಿದು ಸಮಾಧಾನ ಹೇಳಲೂ ಆಗಲಿಲ್ಲ.

ಕೊನೆಗೆ ಹಡಗು ಕಂಪನಿ ಆ ದಾರಿಯನ್ನೇ ನಿಲ್ಲಿಸಿತು. ಕಡೆಯ ಪಯಣದಲ್ಲಿ ಬಲೆ ಬರಿದಾಗಿ ಇಳಿದು, ಜನರ ಪೆಟ್ಟಿಗೆ, ಹಾಸಿಗೆ, ಆಡುಗಳನ್ನು ಹೊತ್ತು ಮೇಲೇರಿತು. ಏಣಿ ಹತ್ತಲಾಗದ ಅಕ್ಕನನ್ನೂ ಅವನು ಬಲೆಯಲ್ಲೇ ಎತ್ತಿದ. ಗಾಜಿನ ಸಾಮಾನನ್ನೂ ಅವನು ಅಷ್ಟು ಮೆಲ್ಲಗೆ ಎತ್ತಿದವನಲ್ಲ. ಡೆಕ್ಕಿನ ಮೇಲೆ ಕಾಲೂರಿದವಳು "ನಾನೂ ಒಂದು ಮೂಟೆ ಆದೆ ನೋಡು" ಎಂದು ನಗಲು ಹೋಗಿ ಅತ್ತುಬಿಟ್ಟಳು.

ಅವನ ಮನೆಯ ಇಕ್ಕಟ್ಟಿನ ಕೋಣೆಯಲ್ಲಿ ಎದುರುಬದುರು ಕೂತರೆ ಇಬ್ಬರಿಗೂ ಮಾತೇ ಹೊಳೆಯದು. ಅವಳು ಬಾಯಿ ತೆರೆದರೆ ಕೂಗೇ ಬರುತ್ತಿತ್ತು. ಗೋಡೆಯಾಚೆಯವರು ಗೊಣಗಿದ್ದು ಕೇಳಿ ಬಾಯಿಗೆ ಬೀಗ ಹಾಕಿಕೊಂಡಳು. ಒಂದು ಸಂಜೆ ಬಟ್ಟೆ ಮಡಿಸುತ್ತಾ, ಕೇಳಿಸಿತೋ ಇಲ್ಲವೋ ಎನ್ನುವಂತೆ, "ನನ್ನನ್ನ ದ್ವೀಪದಲ್ಲಿ ಅವರ ಪಕ್ಕದಲ್ಲೇ ಮಣ್ಣು ಮಾಡೋ" ಎಂದಳು. ಅವನು ಹೂಂ ಎಂದ. ಅಲ್ಲಿಗೆ ಹೋಗಲು ಹಡಗಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಬಿರುಗಾಳಿಯ ದಿನಗಳಲ್ಲೇ ಅವಳು ತೀರಿಕೊಂಡಳು. ದ್ವೀಪಕ್ಕೆ ದೋಣಿ ಕೇಳುತ್ತಾ ಅವನು ಮೀನುಗಾರರ ಬಾಗಿಲು ಬಾಗಿಲು ತಟ್ಟಿದ. ಹಳೆಯ ಸ್ನೇಹಿತನೊಬ್ಬ ಮನಸ್ಸು ಮಾಡಿದ. ಶವಪೆಟ್ಟಿಗೆ ಹೊತ್ತ ದೋಣಿ ಬಂದರು ದಾಟುತ್ತಲೇ ಅಲೆ ಒಳನುಗ್ಗಿತು.

"ಮುಂದಕ್ಕೆ ಹೋದ್ರೆ ನಾವೂ ಅವಳ ಜೊತೆಗೇ ಸೇರ್ತೀವಿ. ತಿರುಗಿಸ್ಲಾ?" ಎಂದ ಸ್ನೇಹಿತ.

ಅವನು ಪೆಟ್ಟಿಗೆಯ ಮೇಲೆ ಕೈಯಿಟ್ಟ. ಇನ್ನೊಂದು ಅಲೆ ಬಂತು. ಆಗ ತಿರುಗಿಸು ಎಂಬಂತೆ ತಲೆಯಾಡಿಸಿದ.

ಪಟ್ಟಣದ ಸ್ಮಶಾನದಲ್ಲಿ, ಲಾರಿಗಳು ಓಡಾಡುವ ರಸ್ತೆಯ ಪಕ್ಕ ಜಾಗ ಸಿಕ್ಕಿತು. ಮಣ್ಣು ಮುಚ್ಚಿದವರೆಲ್ಲ ಹೊರಟರೂ ಅವನು ಅಲುಗಲಿಲ್ಲ. ಹೆಂಡತಿ ತೋಳು ಹಿಡಿದು "ಮನೆಗೆ ಹೋಗೋಣ ಬನ್ನಿ" ಎಂದಳು.

"ನೀನು ಹೋಗಿರು. ನಾನು ಆಮೇಲೆ ಬರ್ತೀನಿ."

ಅವಳು ಹೋಗಲಿಲ್ಲ. ಸೆರಗಿನಿಂದ ಅವನ ಕೈಗಂಟಿದ ಮಣ್ಣು ಒರೆಸಿ, ಪಕ್ಕದಲ್ಲೇ ನಿಂತಳು.