ನಮ್ಮವರ ಎಡಗೈ ರೈಫಲ್

ನಮ್ಮವರು ನನ್ನನ್ನು ನೋಡಲು ಬಂದಾಗ ಒಪ್ಪಿಗೆ ಹೇಳುವುದಕ್ಕೆ ಒಂದು ತಟ್ಟೆ ಉಪ್ಪಿಟ್ಟು ಮುಗಿಯುವಷ್ಟು ಹೊತ್ತು ಸಾಕಾಗಿತ್ತು. ಒಂದು ರೈಫಲ್ ಆರಿಸುವುದಕ್ಕೆ ಆರು ತಿಂಗಳು ಬೇಕಾಯಿತು. ಆ ಆರು ತಿಂಗಳೂ ನನ್ನ ಹೊಟ್ಟೆ ಉರಿಯಿತು. ರೈಫಲಿನ ಮೇಲಲ್ಲ, ಅದನ್ನು ಆರಿಸಿಕೊಡಲು ಬಂದ ಲೀಲಾ ಮೇಲೆ.

ನಮ್ಮವರ ಹೆಸರು ಉಮಾಶಂಕರ. ಮದ್ದೂರಿನವರು, ಫೋನಿನ ಚಿಪ್ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ೨೦೦೮ರಿಂದ, ಲಾಸ್ ಏಂಜಲಿಸ್‌ಗೆ ಎರಡು ಗಂಟೆ ದಾರಿಯ ರ‍್ಯಾಂಚೊ ಪೆನಾಸ್ಕಿಟೋಸ್‌ನ ಅದೇ ಮನೆ, ಅದೇ ಕಾರು. ಕನ್ನಡ ಕೂಟದ ಸಮಾರಂಭದಲ್ಲಿ ಕುರ್ಚಿ ಜೋಡಿಸಿ, ಎಲ್ಲರ ಊಟವಾದ ಮೇಲೆ ತಟ್ಟೆ ಹಿಡಿಯುವ ಮನುಷ್ಯ. ದಾಕ್ಷಿಣ್ಯ ಅಂದರೆ ಅಷ್ಟಿಷ್ಟಲ್ಲ. ಉಪ್ಪಿಲ್ಲದ ಸಾರನ್ನು ಎರಡು ಸಲ ಬಡಿಸಿಕೊಂಡು ಚೆನ್ನಾಗಿದೆ ಅನ್ನುತ್ತಾರೆ. ಆರಡಿ ಎರಡಿಂಚಿನ ಆಳು; ತೋಳು ಆ ಎತ್ತರಕ್ಕೂ ಮೀರಿ ಉದ್ದ. ಹುಟ್ಟಾ ಎಡಚರು. ಬರೆಯುವ ಕೈಯನ್ನು ಮೇಷ್ಟ್ರು ಗೆಣ್ಣಿಗೆ ಹೊಡೆದು ಬದಲಿಸಿದರು, ಉಣ್ಣುವ ಕೈಯನ್ನು ನಮ್ಮತ್ತೆ ಬದಲಿಸಿದರು. ಉಳಿದದ್ದು ನನ್ನ ಪಾಲಿಗೆ ಬಂತು. ಎಡಗೈಯಲ್ಲಿ ಬಡಿಸಬೇಡಿ, ಎಡಗೈಯಲ್ಲಿ ತಾಂಬೂಲ ಕೊಡಬೇಡಿ ಎಂದು ನಾನೂ ಗೊಣಗಿದ್ದೇ ಗೊಣಗಿದ್ದು.

೨೦೧೪ರಲ್ಲಿ ಆಫೀಸಿನ ಗೆಳೆಯರು ಅವರನ್ನು ಜಿಂಕೆ ಬೇಟೆಗೆ ಕರೆದುಕೊಂಡು ಹೋದರು. ಪರೀಕ್ಷೆ ಬರೆದು ಲೈಸೆನ್ಸ್ ಪಡೆದಾಯಿತು, ಆದರೆ ಗೆಳೆಯರ ರೈಫಲ್‌ಗಳೆಲ್ಲ ಬಲಗೈಯವರದು. ಒಂದು ಗುಂಡು ಹಾರಿಸಿದ ಮೇಲೆ ಇನ್ನೊಂದನ್ನು ಏರಿಸಲು ಬೋಲ್ಟ್ ಹಿಂದಕ್ಕೆಳೆದು ಮುಂದೆ ತಳ್ಳಬೇಕು. ಆ ಬೋಲ್ಟಿನ ಹಿಡಿ ಬಲಕ್ಕಿದ್ದರೆ ಎಡಚನು ಕೈಯನ್ನು ಬಂದೂಕಿನ ಮೇಲಿಂದ ದಾಟಿಸಬೇಕಾಗುತ್ತದೆ. ಅಷ್ಟು ಹೊತ್ತು ಯಾವ ಜಿಂಕೆಯೂ ಕಾಯುವುದಿಲ್ಲ.

ಮರುವರ್ಷ ಯುಗಾದಿಯ ಊಟದಲ್ಲಿ ಅವರು ಮೈಮರೆತು ಎಡಗೈಯಲ್ಲಿ ಒಬ್ಬಟ್ಟು ಮುರಿದರು. ಎದುರಿಗೆ ಕೂತಿದ್ದ ಹೆಂಗಸು, "ಓ, ನೀವೂ ನಮ್ಮವರೇ" ಎಂದು ತನ್ನ ಎಡಗೈ ಎತ್ತಿ ತೋರಿಸಿದಳು. ಅವಳೇ ಲೀಲಾ. ವಿರಾಜಪೇಟೆಯ ಕೊಡವರವಳು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಗಂಡ ತೀರಿಕೊಂಡು ಆರು ವರ್ಷ. ಅವಳ ಹತ್ತಿರ ಎಡಗೈಯವರ ರೈಫಲ್ ಇತ್ತು.

ಆಮೇಲೆ ಶುರುವಾಯಿತು ನೋಡಿ. ನನ್ನ ಹತ್ತಿರ ನೀರಿನ ಬಿಲ್ಲು, ಮಗಳು ಸಂಹಿತಾಳ ಈಜಿನ ಕ್ಲಾಸು ಬಿಟ್ಟರೆ ಬೇರೆ ಮಾತಿಲ್ಲದ ಮನುಷ್ಯ, ಅಡುಗೆಮನೆಯ ಕಟ್ಟೆಗೆ ಒರಗಿ ಅವಳ ಜೊತೆ ಫೋನಿನಲ್ಲಿ ಒಂದೊಂದು ಗಂಟೆ ಮಾತಾಡುತ್ತಿದ್ದರು. ತಿಂಗಳಿಗೆ ಎರಡು ಶನಿವಾರ ಅವಳ ಕಾರಿನಲ್ಲೇ ಗುರಿ ಅಭ್ಯಾಸಕ್ಕೆ ಹೋಗಿ ಅವಳ ರೈಫಲಿನಲ್ಲೇ ಹೊಡೆದು ಬರುತ್ತಿದ್ದರು. ಎರಡು ಸಲ ಎಡಹುಬ್ಬಿನ ಮೇಲೆ ಸಣ್ಣ ಗಾಯವಿತ್ತು. ಕೇಳಿದರೆ ಕಪಾಟಿನ ಬಾಗಿಲು ತಗುಲಿತು ಎಂದರು. ಅವಳ ಜೊತೆ ಹೋದವರಿಗೆ ಯಾವ ಕಪಾಟಿನ ಬಾಗಿಲು ಎಂದು ನನಗೆ ಅನ್ನ ಸೇರಲಿಲ್ಲ.

ಅಳುತ್ತಾ ಕೂರುವ ಜಾತಿ ನನ್ನದಲ್ಲ. ಅವರು ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟು ಹೋದದ್ದನ್ನೆಲ್ಲ ಓದಿದೆ. ಬೋಲ್ಟ್ ಎಡಕ್ಕಿದ್ದರೆ ಸಾಲದು, ಖಾಲಿ ತೋಟಾ ಸಿಡಿಯುವ ಕಿಂಡಿಯೂ ಎಡಕ್ಕಿರಬೇಕು. ಒಳ್ಳೆಯ ಬೋಲ್ಟ್ ಅಲುಗಾಡದೆ, ಹೊಸ ಬೀರುವಿನ ಡ್ರಾಯರಿನಂತೆ ಜಾರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಟ್ರಿಗರ್‌ನಿಂದ ಭುಜಕ್ಕೆ ಒತ್ತುವ ತುದಿಯವರೆಗಿನ ಉದ್ದ ಹೊಡೆಯುವವನ ತೋಳಿಗೆ ಹೊಂದಬೇಕು. ಅದು ಗಿಡ್ಡವಾದರೆ ಮುಖ ರೈಫಲಿನ ಮೇಲೆ ಕೂರಿಸಿದ ದುರ್ಬೀನಿಗೆ ತೀರಾ ಹತ್ತಿರವಾಗಿ, ಗುಂಡು ಹಾರಿದಾಗ ಅದು ಹಿಂದಕ್ಕೆ ಬಂದು ಹುಬ್ಬಿಗೆ ಬಡಿಯುತ್ತದೆ. ಇದನ್ನು ಓದಿದಾಗ ಕಪಾಟಿನ ಬಾಗಿಲು ಯಾವುದೆಂದು ತಿಳಿಯಿತು. ನಾನು ಬಾಯಿ ಬಿಡಲಿಲ್ಲ. ಅವಳೆದುರೇ ಹೇಳಬೇಕೆಂಬ ಹಟ.

ಅಕ್ಟೋಬರಿನ ಒಂದು ಶನಿವಾರ ಲಾಸ್ ಏಂಜಲಿಸ್ ಕಡೆಯ ಅಂಗಡಿಗೆ ಹೋಗುವುದೆಂದಾಯಿತು. ಎಡಗೈಯವರ ರೈಫಲ್ ಎಲ್ಲ ಕಡೆ ಸಿಗುವುದಿಲ್ಲ. ಅಂಗಡಿಯವನು ಲೀಲಾಗೆ ಪರಿಚಯ. ಹೇಗೂ ಅಷ್ಟು ದೂರ ಹೋಗುತ್ತೀರಲ್ಲ, ಕ್ಯಾಲಬಾಸಸ್ ದೇವಸ್ಥಾನ ನೋಡಿ ವರ್ಷವಾಯಿತು ಎಂದು ನಾನೂ ಹತ್ತಿದೆ. ಬೆಳಿಗ್ಗೆ ದರ್ಶನ ಮಾಡಿ, ಕುಂಕುಮ ಇಟ್ಟುಕೊಂಡೇ ಮೂವರೂ ಬಂದೂಕಿನ ಅಂಗಡಿ ಹೊಕ್ಕೆವು.

ಲೀಲಾ ತನ್ನದೇ ಮಾದರಿಯ ರೈಫಲ್ ತೆಗೆಸಿದಳು. "ಕಣ್ಣು ಮುಚ್ಚಿ ತಗೊಳ್ಳಿ ಶಂಕರ್. ನಾನು ಏಳು ವರ್ಷದಿಂದ ಇಟ್ಕೊಂಡಿದೀನಿ."

ಶಂಕರ್ ಅಂತೆ. ಅವರು ಅದನ್ನು ಎಡಭುಜಕ್ಕೇರಿಸಿದರು. ಕತ್ತು ಹಿಂದಕ್ಕೆ ಬಾಗಿತು, ಹೆಬ್ಬೆರಳು ಮೂಗಿಗೆ ತಾಗುವಂತಿತ್ತು. "ಚೆನ್ನಾಗಿದೆ" ಎಂದರು, ಉಪ್ಪಿಲ್ಲದ ಸಾರಿನ ದನಿಯಲ್ಲಿ.

"ಗಿಡ್ಡ ಆಯ್ತು," ಎಂದೆ. "ಇವರಿಗೆ ಮೂವತ್ತಾರು ಇಂಚಿನ ತೋಳಿನ ಶರ್ಟೇ ಬೇಕು. ಹುಬ್ಬಿಗೆ ಎರಡು ಸಲ ಪೆಟ್ಟು ಬಿದ್ದಿರೋದೂ ಇದೇ ಅಳತೆಯಿಂದ."

ಅಂಗಡಿಯವನು ಟೇಪು ಹಿಡಿದ. ಒಂದೂಕಾಲು ಇಂಚು ಕಡಿಮೆ. ಒಳಗಿನಿಂದ ಅಕ್ರೋಟು ಮರದ ಇನ್ನೊಂದು ರೈಫಲ್ ತಂದ. ನಾನೇ ಬೋಲ್ಟ್ ಎಳೆದು ನೋಡಿದೆ, ಸದ್ದಿಲ್ಲದೆ ಜಾರಿತು. ಅವರು ಭುಜಕ್ಕಿಟ್ಟರು. ಕತ್ತು ನೇರವಾಯಿತು, ಕೆನ್ನೆ ಮರಕ್ಕೆ ತಾನಾಗಿ ಒರಗಿತು. ಹದಿನಾಲ್ಕು ವರ್ಷದಲ್ಲಿ ಅವರು ಯಾವ ಕೆಲಸವನ್ನೂ ಅಷ್ಟು ನಿರಾಳವಾಗಿ ಮಾಡಿದ್ದನ್ನು ನಾನು ನೋಡಿರಲಿಲ್ಲ.

"ಇಷ್ಟು ದಿನ ನನ್ನದರಲ್ಲಿ ಹೊಡೆದ್ರಲ್ಲ, ಒಂದು ಮಾತು ಹೇಳ್ಬಾರ್ದಿತ್ತಾ?" ಎಂದಳು ಲೀಲಾ.

"ಹೆಂಗೆ ಹೇಳೋದು, ಅಷ್ಟು ಪ್ರೀತಿಯಿಂದ ಕೊಡ್ತಿದ್ರಿ," ಎಂದು ಅವರು ಫಾರಂ ತುಂಬಲು ಕೌಂಟರಿನ ಆ ತುದಿಗೆ ಹೋದರು. ಕೊಂಡರೂ ಹತ್ತು ದಿನ ಬಿಟ್ಟೇ ಕೈಗೆ ಸಿಗುವುದು ಇಲ್ಲಿನ ಕಾನೂನು.

ನಾನು ಗೆದ್ದಿದ್ದೆ. "ದಿನಾ ನೋಡೋ ತೋಳು, ನಂಗೆ ಗೊತ್ತಾಗದೆ ಇರತ್ತಾ?" ಎಂದೆ, ಚುಚ್ಚಲೆಂದೇ.

ಲೀಲಾ ಗಿಡ್ಡ ರೈಫಲಿನ ಮೇಲೆ ಕೈಯಾಡಿಸುತ್ತಾ ನಿಂತಿದ್ದಳು. "ನಂದನ್ನ ನಮ್ಮ ಯಜಮಾನ್ರು ಆರಿಸಿದ್ದು. ನನ್ನ ಕರ್ಕೊಂಡೂ ಬಂದಿರ್ಲಿಲ್ಲ. ತಂದು ಕೈಗಿಟ್ರು, ಸರಿಯಾಗಿ ಕೂತ್ಕೊಳ್ತು. ಅವ್ರು ನನ್ನ ಅಳತೆಗೇ ಹುಡುಕಿದ್ದು ಅಂತ ಇವತ್ತು ಗೊತ್ತಾಯ್ತು ನೋಡಿ."

ಅವಳು ಆ ರೈಫಲನ್ನು ಪಕ್ಕಕ್ಕೆ ಸರಿಸಿ ನನ್ನತ್ತ ತಿರುಗಿದಳು.

"ಶಂಕರ್ ಫೋನ್ ಮಾಡ್ದಾಗೆಲ್ಲ ಹಿಂದೆ ನೀವು ಪಾತ್ರೆ ಕುಕ್ಕೋದು ಕೇಳ್ತಿತ್ತು. ನನ್ನ ಮೇಲಿನ ಸಿಟ್ಟು ಅಂತ ಗೊತ್ತಿತ್ತು. ಆದ್ರೂ ಫೋನ್ ಇಡೋಕೆ ಮನಸ್ಸು ಬರ್ತಿರ್ಲಿಲ್ಲ. ನಮ್ಮನೇಲಿ ಆ ಸದ್ದೇ ಇಲ್ಲ. ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಗೌರಿ."

ಸುಳ್ಳೇಕೆ ಹೇಳಲಿ, ಒಂದು ಕ್ಷಣ ಖುಷಿಯಾಯಿತು. ಮರುಕ್ಷಣ ಆ ಖುಷಿಗೇ ನಾಚಿಕೆಯಾಯಿತು. ಅಷ್ಟರಲ್ಲಿ ಆ ತುದಿಯಿಂದ ನಮ್ಮವರು ಕೂಗಿದರು. "ಗೌರಿ, ನನ್ನ ತೂಕ ಎಷ್ಟು ಅಂತ ಬರೀಲಿ?"

ಅವರ ತೂಕ ನನಗೆ ಗೊತ್ತಿತ್ತು. ಇದ್ದಲ್ಲಿಂದಲೇ ಹೇಳಲು ಬಾಯಿ ತೆರೆದವಳು ಲೀಲಾಳ ಮುಖ ನೋಡಿದೆ. ನಡೆದು ಹೋಗಿ, ಅವರ ಕಿವಿಯ ಹತ್ತಿರ ಬಗ್ಗಿ, ಅವಳಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದೆ.