ಐದು ಮುಖದ ಕಂಬ

ಹಾನಗಲ್ಲಿನ ನಮ್ಮ ಶಾಲೆಯ ಗುಂಡಾಚಾರ್ ಮಾಸ್ತರರು ಹಲಗೆಯಿಂದ ಸೀಮೆಸುಣ್ಣ ಎತ್ತದೆ, ಅತ್ತ ನೋಡದೆ, ಒಂದೇ ಎಳೆತದಲ್ಲಿ ಷಟ್ಕೋನ ಬರೆಯುತ್ತಿದ್ದರು. ಬರೆದ ಮೇಲೆ ಪ್ರತಿ ವರ್ಷ ಅದೇ ಮಾತು: "ಮಲ್ಪೆ ಸಮುದ್ರದಾಗ ಕರೀ ಕಲ್ಲಿನ ಕಂಬ ಅದಾವ. ಜ್ವಾಲಾಮುಖಿ ರಸ ಆರಿ ನಿಂತದ್ದು. ಒಂದೊಂದಕ್ಕೂ ಆರ ಮುಖ."

"ನೀವು ನೋಡೀರೇನ್ರಿ ಸರ?" ಎಂದು ಎಪ್ಪತ್ತರ ದಶಕದ ಒಂದು ಮಧ್ಯಾಹ್ನ ನಾನು ಕೇಳಿಬಿಟ್ಟೆ. ಮಾಸ್ತರರು ನಕ್ಕರು. "ಇಲ್ಲೋ. ಭೇಷ್! ನಾಳಿಂದ ಚರ್ಚಾಸ್ಪರ್ಧಾಕ್ಕ ಬಾ."

ಅವರ ತಾಲೀಮು ವಿಚಿತ್ರ. ಗೆದ್ದವನು ಕೂಡಲೇ ಸೋತವನ ಪಕ್ಷ ಹಿಡಿದು ವಾದಿಸಬೇಕು. ಎಷ್ಟೇ ಚೆನ್ನಾಗಿ ಮಾತಾಡಿದರೂ ಕೊನೆಗೊಂದು ಮೊಳೆ: "ಪುರಾವಾ?" ಸವಣೂರಿನಲ್ಲಿ ಗೆದ್ದು ಬಂದ ದಿನವೂ ಶಹಬ್ಬಾಸ್ ಅನ್ನಲಿಲ್ಲ. "ದನಿ ಏರಿಸಿದಿ. ದನಿ ಪುರಾವಾ ಅಲ್ಲ."

ನಾನು ಕಾಲೇಜು ಸೇರುವ ಹೊತ್ತಿಗೆ ಅವರ ಕಣ್ಣು ಮಂಜಾಗತೊಡಗಿತ್ತು. ದೃಷ್ಟಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. "ಇಷ್ಟು ವರ್ಷ ಬರೇ ಕೇಳಿದ್ದನ್ನ ಕಲಿಸೇನಿ. ಪೂರಾ ಕತ್ತಲಾಗೂದ್ರಾಗ ಆ ಕಂಬ ನೋಡಬೇಕು. ನಡೀ," ಎಂದರು.

ಮಲ್ಪೆಯಿಂದ ಹೊರಟ ದೋಣಿ ಆ ಕಂಬಗಳ ದ್ವೀಪ ಮುಟ್ಟಿದಾಗ ನಾನು ದಂಗಾದೆ. ಹೊರೆ ಕಟ್ಟಿ ನಿಲ್ಲಿಸಿದ ಸೌದೆಯ ಹಾಗೆ ಕಪ್ಪು ಕಂಬಗಳು, ಸುತ್ತ ಕುದಿಯುವ ನೀರು. ಮಾಸ್ತರರಿಗೆ ಕಂಡದ್ದು ಬರಿ ಕಪ್ಪು. "ಮುಟ್ಟಿಸು," ಎಂದರು. ಒಂಟಿಯಾಗಿ ನಿಂತ ಎದೆಮಟ್ಟದ ಕಂಬಕ್ಕೆ ಅವರ ಕೈ ಹಚ್ಚಿದೆ. ಅಂಗೈ ಅಂಚಿನಿಂದ ಅಂಚಿಗೆ ಸರಿಯುತ್ತ ಸುತ್ತು ಬಂತು. ಮತ್ತೊಮ್ಮೆ.

"ಐದ ಅದಾವಲ್ಲೋ!"

"ಕೆಲವಕ್ಕ ಐದು ಇರತಾವೇನೋರಿ. ಆ ನೀರಿನಾಚೆ ಒಂದು ಗಿಡ್ಡ ಕಂಬ ಐತ್ರಿ. ನೆತ್ತಿ ಕಾಣತೈತಿ, ಆರ ಮೂಲಿ."

"ಅಲ್ಲಿಗೇ ನಡೀ."

ದೋಣಿಯವನು ಕೂಗಿದ: "ನೀರು ಏರ್ತಾ ಉಂಟು ಮಾರಾಯ್ರೆ! ಈಗ ಹತ್ತದಿದ್ರೆ ನಾನಿಲ್ಲ!"

ಮಾಸ್ತರರು ಕಂಬ ಬಿಡಲಿಲ್ಲ. ನಾನೇ ಎಳೆದು ತಂದೆ.

ಕಡೆಯ ಭೇಟಿ ತಿಳವಳ್ಳಿಯಲ್ಲಿ, ಅವರ ಮಗಳ ಮನೆಯಲ್ಲಿ. ಪೂರ್ತಿ ಕುರುಡಾಗಿ, ಹಾಸಿಗೆ ಹಿಡಿದಿದ್ದರು. ನನ್ನ ದನಿ ಕೇಳಿ ಕೈ ಚಾಚಿದರು.

"ಆ ಆಚೀ ಕಂಬಕ್ಕ... ಖರೇನ ಆರ ಇದ್ದುವೇನೋ?"

"ಖರೇನ ಇದ್ದುವ್ರಿ ಸರ. ನಾ ಕಣ್ಣಾರೆ ನೋಡೇನಿ."

"ಪುರಾವಾ?"

ಎದುರಾಳಿಗಳನ್ನು ಮಾತಿನಲ್ಲಿ ಮಣಿಸಿ ರೂಢಿಯಿದ್ದ ನಾನು ಅವರು ಚಾಚಿದ ಕೈಯನ್ನು ಬಿಗಿಯಾಗಿ ಹಿಡಿದೆ. ಅವರು ನನ್ನ ಕೈ ಬಿಟ್ಟು ಗೋಡೆಯತ್ತ ಹೊರಳಿದರು. ಬೆರಳು ಸುಣ್ಣದ ಗೋಡೆಯ ಮೇಲೆ ಮೆಲ್ಲಗೆ ಷಟ್ಕೋನದ ಗೆರೆ ಎಳೆಯತೊಡಗಿತು. ಐದನೆಯ ಮೂಲೆಗೆ ಬಂದು ನಿಂತಿತು.